ಅದು ಯಾರ ಬೆನ್ನು?

ನಮ್ಮ ಸಿನಿಮಾ ವಿಮರ್ಶೆಗಳಲ್ಲಿ ಒಂದು ಹಳೆಯ ವಾಕ್ಯವಿದೆ. ಚಿತ್ರ ಹಿಡಿಸಲಿಲ್ಲ ಎಂದು ಬಾಯಿಬಿಟ್ಟು ಹೇಳಲು ಮನಸ್ಸಾಗದಿದ್ದಾಗ ಕೊನೆಯ ಪ್ಯಾರಾದಲ್ಲಿ ಅದು ಬಂದು ಕೂರುತ್ತದೆ: 'ಛಾಯಾಗ್ರಹಣ ಸೊಗಸಾಗಿದೆ.' ಮದುವೆಮನೆಯಲ್ಲಿ ಸಾರು ಹಳಸಿದ್ದರೂ 'ಚಪ್ಪರ ಚೆನ್ನಾಗಿ ಹಾಕಿಸಿದ್ದೀರಿ' ಎಂದು ಹೇಳಿ, ತಾಂಬೂಲ ತೆಗೆದುಕೊಂಡು ಹೊರಡುವುದಿಲ್ಲವೇ, ಹಾಗೆ. ಕಳೆದ ತಿಂಗಳು ನಾನೂ ಒಬ್ಬ ಹುಡುಗನಿಗೆ ಆ ವಾಕ್ಯ ಹೇಳಿ ತಪ್ಪಿಸಿಕೊಂಡೆ. ಅಂದಿನಿಂದ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ.

ಹುಡುಗ ನನ್ನ ಗೆಳೆಯನ ಮಗ. ಕೆಲಸದಲ್ಲಿದ್ದಾನೆ. ಎರಡು ವರ್ಷ ಸಂಬಳದಲ್ಲಿ ಉಳಿಸಿದ ದುಡ್ಡಿನಲ್ಲಿ, ನಾಲ್ಕು ಜನ ಸ್ನೇಹಿತರನ್ನು ಕಟ್ಟಿಕೊಂಡು, ಅಜ್ಜಿ ತೀರಿಕೊಂಡ ಮೇಲೆ ಬೀಗ ಹಾಕಿದ್ದ ಹೆಂಚಿನ ಮನೆಯಲ್ಲಿ ಎರಡು ರಾತ್ರಿ ಕೂತು 14 ನಿಮಿಷದ ದೆವ್ವದ ಚಿತ್ರ ಮಾಡಿದ್ದ. ಲಿಂಕ್ ಕಳಿಸಿದ, ನೋಡಿದೆ. ಒಬ್ಬ ಹುಡುಗಿ ಅಡುಗೆಮನೆಯಲ್ಲಿದ್ದಾಳೆ. ಅಟ್ಟದಲ್ಲಿ ಏನೋ ಸದ್ದು. ಲಾಟೀನು ಹಿಡಿದು ಏಣಿ ಹತ್ತುತ್ತಾಳೆ. ಹೆಂಚಿನ ಸಂದಿಯಿಂದ ನೀಲಿ ಬೆಳಕು ಇಳಿದಿದೆ, ಬೆಳಕಿನಲ್ಲಿ ಧೂಳು ತೇಲುತ್ತಿದೆ. ಮೂಲೆಯಲ್ಲಿ ಕೂದಲು ಇಳಿಬಿಟ್ಟ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ನಿಂತಿದ್ದಾಳೆ. ಅಲ್ಲಿಗೆ ಮುಗಿಯಿತು.

ಒಂದೊಂದು ಶಾಟೂ ಗೋಡೆಗೆ ತೂಗುಹಾಕುವಂತಿತ್ತು. ನನಗೆ ಮಾತ್ರ ಎಳ್ಳಷ್ಟೂ ಹೆದರಿಕೆಯಾಗಲಿಲ್ಲ. ಫೋನು ಮಾಡಿ, "ಅವಳು ಅಟ್ಟ ಯಾಕೆ ಹತ್ತುತ್ತಾಳೆ?" ಎಂದು ಕೇಳಿದೆ. "ಏಣಿ ಮೇಲಿಂದ ಬೆಳಕು ತುಂಬ ಚೆನ್ನಾಗಿ ಬೀಳ್ತಿತ್ತು ಅಂಕಲ್" ಎಂದ. ಆಗಲೇ ನಾನು ಆ ವಾಕ್ಯ ಹೇಳಿದ್ದು. ಅವನಿಗೆ ಖುಷಿಯಾಯಿತು.

ಹುಡುಗನ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬಹುದಿತ್ತು. ಆದರೆ ಈಚೆಗೆ ನಾನು ನೋಡುವ ಕಡಿಮೆ ಖರ್ಚಿನ ಹಾರರ್ ಚಿತ್ರಗಳಲ್ಲಿ, ಅವು ಯಾವ ದೇಶದವಾದರೂ ಇರಲಿ, ಇದೇ ಕಾಯಿಲೆ ಕಾಣುತ್ತಿದೆ. ಒಂದು ಕಾಲದಲ್ಲಿ ಕೈಯಲ್ಲಿ ಕಾಸಿಲ್ಲದ ನಿರ್ದೇಶಕನಿಗೆ ಚೆಂದದ ದೃಶ್ಯವೇ ದುಬಾರಿಯಾಗಿತ್ತು. ಫಿಲ್ಮ್ ರೀಲು, ದೀಪ, ಲ್ಯಾಬು ಎಲ್ಲಕ್ಕೂ ದುಡ್ಡು ಸುರಿಯಬೇಕಿತ್ತು. ಈಗ ಜೇಬಿನ ಫೋನೇ ಕತ್ತಲಲ್ಲಿ ಚಿತ್ರ ತೆಗೆಯುತ್ತದೆ, ಬಣ್ಣ ತಿದ್ದುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಚೆಂದ ಅಗ್ಗವಾಗಿದೆ. ಹಾಗಾಗಿ 'ದೃಶ್ಯ ಮುಖ್ಯವೋ ಕಥೆ ಮುಖ್ಯವೋ' ಎಂಬ ಹಳೇ ಜಗಳವನ್ನು ಹೊಸದಾಗಿ ಕೇಳಿಕೊಳ್ಳಬೇಕಾಗಿದೆ. ಅದಕ್ಕಾಗಿ ನಾಲ್ಕು ಚಿತ್ರಗಳನ್ನು ಮತ್ತೊಮ್ಮೆ ನೋಡಿದೆ. ಅವುಗಳ ಕೊನೆಯನ್ನು ಹೇಳದೆ ಈ ಮಾತು ಆಡಲಾಗದು, ನೋಡಿಲ್ಲದವರು ಕ್ಷಮಿಸಬೇಕು.

ಮೊದಲನೆಯದು 1962ರ 'ಕಾರ್ನಿವಲ್ ಆಫ್ ಸೋಲ್ಸ್'. ನಿರ್ದೇಶಕ ಹರ್ಕ್ ಹಾರ್ವಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ, ಶಾಲೆ ಮತ್ತು ಕೈಗಾರಿಕೆಗಳಿಗೆ ಬೋಧನೆಯ ಚಿತ್ರಗಳನ್ನು ಮಾಡಿಕೊಡುವ ಸೆಂಟ್ರಾನ್ ಕಂಪನಿಯಲ್ಲಿದ್ದವರು. ಒಮ್ಮೆ ಕಾರಿನಲ್ಲಿ ಊರಿಗೆ ಮರಳುವಾಗ ಯೂಟಾ ರಾಜ್ಯದ ಉಪ್ಪುನೀರಿನ ಸರೋವರದ ದಡದಲ್ಲಿ ಸಾಲ್ಟೇರ್ ಎಂಬ ಪಾಳುಬಿದ್ದ ವಿಹಾರಮಂದಿರ ಕಣ್ಣಿಗೆ ಬಿತ್ತು. ಒಂದು ಕಾಲಕ್ಕೆ ಜನ ಕುಣಿಯಲು ಬರುತ್ತಿದ್ದ ಜಾಗ. ಅಲ್ಲಿ ಸತ್ತವರು ಕುಣಿಯುವ ಒಂದು ದೃಶ್ಯ ಮನಸ್ಸಿಗೆ ಬಂತು. ಸಹೋದ್ಯೋಗಿ ಜಾನ್ ಕ್ಲಿಫರ್ಡ್ ಅವರಿಗೆ, ಕೊನೆಗೆ ಈ ದೃಶ್ಯ ಬರುವಂತೆ ಕಥೆ ಬರೆದುಕೊಡಿ ಎಂದರು. ಸುಮಾರು 33 ಸಾವಿರ ಡಾಲರ್‌ನಲ್ಲಿ, ಮೂರು ವಾರದಲ್ಲಿ ಚಿತ್ರೀಕರಣ ಮುಗಿಯಿತು. ಹಾರ್ವಿ ಮತ್ತೊಂದು ಕಥಾಚಿತ್ರ ಮಾಡಲಿಲ್ಲ.

ಗಮನಿಸಿ, ಇಲ್ಲಿ ಮೊದಲು ಬಂದದ್ದು ದೃಶ್ಯವೇ. ನನ್ನ ಗೆಳೆಯನ ಮಗನಿಗೆ ಏಣಿಯ ಮೇಲಿನ ಬೆಳಕು ಕಂಡ ಹಾಗೆ ಹಾರ್ವಿಗೆ ಸಾಲ್ಟೇರ್ ಕಂಡಿತು. ದೃಶ್ಯದಿಂದ ಹೊರಡುವುದು ತಪ್ಪೇನಲ್ಲ. ಆದರೆ ಹಾರ್ವಿ ಮತ್ತು ಕ್ಲಿಫರ್ಡ್ ಅಲ್ಲಿಗೆ ನಿಲ್ಲಲಿಲ್ಲ. ಈ ಪಾಳು ಕಟ್ಟಡಕ್ಕೆ ಬರುವವರು ಯಾರು, ಅವರನ್ನು ಅದು ಯಾಕೆ ಸೆಳೆಯುತ್ತದೆ ಎಂಬ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿದೆ. ಆ ಉತ್ತರದ ಹೆಸರು ಮೇರಿ ಹೆನ್ರಿ.

ಮೇರಿ ಇದ್ದ ಕಾರು ಸೇತುವೆಯಿಂದ ನದಿಗೆ ಬೀಳುತ್ತದೆ. ಎಷ್ಟೋ ಹೊತ್ತಿನ ಮೇಲೆ ಅವಳೊಬ್ಬಳು ಕೆಸರು ಮೆತ್ತಿದ ಮೈಯಲ್ಲಿ ದಡಕ್ಕೆ ಬರುತ್ತಾಳೆ. ಬೇರೆ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಸೇರುತ್ತಾಳೆ. ಚರ್ಚು ಅವಳಿಗೆ ಬರೀ ನೌಕರಿ. ದೇವರು ಬೇಡ, ಸ್ನೇಹ ಬೇಡ, ಪಕ್ಕದ ಕೋಣೆಯವನ ಸಲಿಗೆ ಬೇಡ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಹೆಂಗಸು. ಒಂದು ದಿನ ಬಟ್ಟೆ ಅಂಗಡಿಯಲ್ಲಿ ಇದ್ದಕ್ಕಿದ್ದಂತೆ ಲೋಕದ ಸದ್ದೆಲ್ಲ ನಿಂತುಹೋಗುತ್ತದೆ. ಅವಳ ಮಾತು ಯಾರಿಗೂ ಕೇಳಿಸುವುದಿಲ್ಲ, ಅವಳು ಯಾರಿಗೂ ಕಾಣಿಸುವುದಿಲ್ಲ. ಈ ದೃಶ್ಯಕ್ಕೆ ತಾಂತ್ರಿಕವಾಗಿ ಆದ ಖರ್ಚು ಏನು? ಸದ್ದು ನಿಲ್ಲಿಸಿದ್ದು, ಅಷ್ಟೇ. ಆದರೂ ಅಲ್ಲಿ ಮೈ ನಡುಗುತ್ತದೆ. ಅಲ್ಲಿಯವರೆಗೆ ಜನರನ್ನು ದೂರ ಇಟ್ಟವಳು ಅವಳು. ಈಗ ಜನವೇ ಅವಳನ್ನು ದೂರ ಇಟ್ಟಿದ್ದಾರೆ. ಅವಳು ಬೇಡವೆಂದದ್ದೆಲ್ಲ ಬೇಕಾಗುವ ಹೊತ್ತಿಗೆ ಕೈತಪ್ಪಿದೆ. ಕೊನೆಗೆ ನದಿಯಿಂದ ಕಾರನ್ನು ಮೇಲೆತ್ತಿದಾಗ ಅವಳ ಶವ ಒಳಗೇ ಇರುತ್ತದೆ. ಆ ಚಿತ್ರದಲ್ಲಿ ಅಲ್ಲಲ್ಲಿ ತುಟಿಗೂ ಮಾತಿಗೂ ಹೊಂದುವುದಿಲ್ಲ. ಮೇರಿಯನ್ನು ಕಾಡುವ ಬಿಳಿಚಿದ ಮುಖದ ಗಂಡಸು, ಆ ಪಾತ್ರ ಹಾರ್ವಿಯದ್ದೇ, ಮುಖಕ್ಕೆ ಹಿಟ್ಟು ಬಳಿದುಕೊಂಡ ಹಾಗಿದ್ದಾನೆ. ಯಾವುದೂ ಅಡ್ಡ ಬರುವುದಿಲ್ಲ. ಸಾಲ್ಟೇರ್‌ನ ಖಾಲಿತನ ಮೇರಿಯ ಖಾಲಿತನವೇ ಆಗಿಬಿಟ್ಟಿದೆ.

ಎರಡನೆಯದು 1999ರಲ್ಲಿ ತೆರೆಕಂಡ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್'. ಡೇನಿಯಲ್ ಮಿರಿಕ್ ಮತ್ತು ಎಡುವಾರ್ಡೊ ಸ್ಯಾಂಚೆಜ್ ಮೂವರು ನಟರ ಕೈಗೇ ಕ್ಯಾಮೆರಾ ಕೊಟ್ಟು ಮೇರಿಲ್ಯಾಂಡ್‌ನ ಕಾಡಿಗೆ ಕಳಿಸಿದರು. ಎಂಟು ದಿನ ಚಿತ್ರೀಕರಣ. ಲೋಕದಾದ್ಯಂತ ಸುಮಾರು 24.8 ಕೋಟಿ ಡಾಲರ್ ಗಳಿಕೆ. ಈ ಚಿತ್ರದಿಂದ ಎಲ್ಲರೂ ಕಲಿತ ಪಾಠ ಒಂದೇ: ಕ್ಯಾಮೆರಾ ಅಲುಗಾಡಬೇಕು. ಕನ್ನಡದಲ್ಲೂ 2013ರಲ್ಲಿ ಕೆ.ಎಸ್. ಅಶೋಕ ಅವರ '6-5=2' ಕಾಡಿನಲ್ಲಿ ಸಿಕ್ಕ ಕ್ಯಾಮೆರಾದ ದೃಶ್ಯಗಳು ಎಂಬ ಇದೇ ಚೌಕಟ್ಟಿನಲ್ಲಿ ಬಂದು, ತಾರೆಯರಿಲ್ಲದೆಯೂ ಜನರನ್ನು ಚಿತ್ರಮಂದಿರಕ್ಕೆ ಕರೆತಂದಿತು.

ಆದರೆ 'ಬ್ಲೇರ್ ವಿಚ್'ನ ಕೊನೆಯ ದೃಶ್ಯ ನೆನಪಿಸಿಕೊಳ್ಳಿ. ಪಾಳುಮನೆಯ ನೆಲಮಾಳಿಗೆ. ಹೆದರ್ ಕಿರುಚುತ್ತ ಇಳಿದು ಬರುತ್ತಾಳೆ. ಮೂಲೆಯಲ್ಲಿ ಮೈಕ್ ಗೋಡೆಗೆ ಮುಖ ಮಾಡಿ, ನಮಗೆ ಬೆನ್ನು ಮಾಡಿ ಸುಮ್ಮನೆ ನಿಂತಿದ್ದಾನೆ. ರಕ್ತವಿಲ್ಲ, ಮಾಟಗಾತಿಯಿಲ್ಲ. ಶಾಲೆಯಲ್ಲಿ ಮೇಷ್ಟರು ಮೂಲೆಗೆ ನಿಲ್ಲಿಸಿದ ಹುಡುಗನ ಹಾಗೆ ಒಬ್ಬ ಗಂಡಸು. ಇದನ್ನೊಂದೇ ಕತ್ತರಿಸಿ ತೋರಿಸಿದರೆ ಯಾರೂ ಹೆದರುವುದಿಲ್ಲ, ನಗಲೂಬಹುದು. ಆದರೆ ಸಿನಿಮಾದ ಮೊದಲ ಭಾಗದಲ್ಲಿ ಊರಿನವರೊಬ್ಬರು ಒಂದು ಹಳೆಯ ಕೊಲೆಗಳ ಸಂಗತಿ ಹೇಳಿರುತ್ತಾರೆ. ಕೊಲೆಗಾರ ಮಕ್ಕಳನ್ನು ಇಬ್ಬಿಬ್ಬರಾಗಿ ನೆಲಮಾಳಿಗೆಗೆ ಕರೆದೊಯ್ದು, ಒಬ್ಬರನ್ನು ಮೂಲೆಗೆ ಮುಖ ಮಾಡಿ ನಿಲ್ಲಿಸಿ ಇನ್ನೊಬ್ಬರನ್ನು ಕೊಲ್ಲುತ್ತಿದ್ದನಂತೆ. ಕೇಳುವಾಗ ಅದು ಊರ ಹರಟೆ. ಆಮೇಲೆ ಕಾಡು, ಹಸಿವು, ಜಗಳದ ನಡುವೆ ಮರೆತೇ ಹೋಗಿರುತ್ತದೆ. ಕೊನೆಯಲ್ಲಿ ಮೈಕ್‌ನ ಬೆನ್ನು ಕಂಡ ಆ ಗಳಿಗೆ ಮರೆತದ್ದು ಎದ್ದು ಬಂದು ಕತ್ತು ಹಿಡಿಯುತ್ತದೆ. ಅವನು ಮೂಲೆಯಲ್ಲಿ ನಿಂತಿದ್ದಾನೆ ಎಂದರೆ ಇನ್ನೊಬ್ಬರ ಸರದಿ ಬಂದಿದೆ ಎಂದೇ ಅರ್ಥ. ಕ್ಯಾಮೆರಾ ಅಲುಗಾಡಿದ್ದರಿಂದ ಹುಟ್ಟಿದ ಭಯವಲ್ಲ ಇದು. ಒಂದು ಗಂಟೆ ಮುಂಚೆ ಹೇಳಿದ ಒಂದು ಮಾತಿನಿಂದ ಹುಟ್ಟಿದ್ದು.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಮನೆ ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆದಿದ್ದು ಆ ಕಾಲದವರಿಗೆ ನೆನಪಿರಬಹುದು. ಸುದ್ದಿ ತಿಳಿಯದವನಿಗೆ ಅದು ಸಾಲಗಾರನನ್ನು ಸಾಗಹಾಕುವ ಬರಹದಂತೆ ಕಂಡೀತು. ರಾತ್ರಿ ದೆವ್ವ ಬಂದು ನಿಮ್ಮವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು, ಬರಹ ಓದಿದರೆ ನಾಳೆ ಬರೋಣವೆಂದು ತಿರುಗಿ ಹೋಗುತ್ತದೆ ಎಂಬ ಕಥೆ ಕೇಳಿದವನಿಗೆ ಮಾತ್ರ ಆ ಬಾಗಿಲು ಬೇರೆಯದೇ ಬಾಗಿಲು. ಅಲ್ಲಿ ಕಣ್ಣಿಗೆ ಕಾಣುವುದು ಸೀಮೆಸುಣ್ಣದ ಎರಡು ಪದ. ಉಳಿದದ್ದೆಲ್ಲ ಆಗಲೇ ನೋಡುವವನ ಒಳಗಿದೆ. ದೆವ್ವಕ್ಕೂ ಒಂದು ಕಟ್ಟುಪಾಡಿದೆ, ಅದು ಓದುತ್ತದೆ, ಮಾತಿಗೆ ಬೆಲೆ ಕೊಡುತ್ತದೆ. ಆ ಕಟ್ಟುಪಾಡು ಗೊತ್ತಿರುವುದರಿಂದಲೇ, ಮಳೆಗೆ ಅಕ್ಷರ ಅಳಿಸಿಹೋದರೆ ಏನು ಗತಿ ಎಂದು ಮಕ್ಕಳಿಗೆ ನಿದ್ದೆ ಬರುತ್ತಿರಲಿಲ್ಲ.

ಮೂರನೆಯದು ಜಪಾನಿನ 'ಒನ್ ಕಟ್ ಆಫ್ ದ ಡೆಡ್' (2017). ಶಿನಿಚಿರೊ ಉಯೆಡಾ ಅವರು ಸುಮಾರು 30 ಲಕ್ಷ ಯೆನ್‌ನಲ್ಲಿ ಮಾಡಿದ್ದು. ಇದು ಹೆದರಿಸುವುದಕ್ಕಿಂತ ಹೆಚ್ಚಾಗಿ ನಗಿಸುವ ಚಿತ್ರ. ಆದರೂ ನನ್ನ ವಾದಕ್ಕೆ ಬೇಕು, ಏಕೆಂದರೆ ಇಲ್ಲಿ ದೃಶ್ಯ ಚೆನ್ನಾಗಿಲ್ಲ. ಮೊದಲ 37 ನಿಮಿಷ ಒಂದೇ ಶಾಟಿನ ಜೊಂಬಿ ಚಿತ್ರ. ನಟರು ಮಾತು ಮರೆತವರಂತೆ ಸುಮ್ಮನೆ ನಿಲ್ಲುತ್ತಾರೆ, ಲೆನ್ಸಿನ ಮೇಲೆ ರಕ್ತ ಚಿಮ್ಮುತ್ತದೆ, ಯಾರೋ ಒರೆಸುತ್ತಾರೆ, ಕೊನೆಯಲ್ಲಿ ಮೇಲಿನಿಂದ ತೆಗೆದ ಶಾಟ್ ಒಂದು ತೂರಾಡುತ್ತದೆ. ಆಮೇಲೆ ಚಿತ್ರ ಹಿಂದಕ್ಕೆ ಹೋಗಿ, ಈ ನೇರಪ್ರಸಾರದ ಸಿನಿಮಾ ಮಾಡುವಾಗ ಕ್ಯಾಮೆರಾದ ಆಚೆ ಏನೇನಾಯಿತು ಎಂದು ತೋರಿಸುತ್ತದೆ. ಕ್ರೇನ್ ಮುರಿದಿತ್ತು. ತಂಡದವರೆಲ್ಲ ಒಬ್ಬರ ಬೆನ್ನ ಮೇಲೊಬ್ಬರು ಏರಿ ನರಮಾನವರ ಗೋಪುರ ಕಟ್ಟಿ, ತುದಿಯಲ್ಲಿ ಅಪ್ಪನ ಹೆಗಲ ಮೇಲೆ ಕೂತ ಮಗಳು ಕ್ಯಾಮೆರಾ ಹಿಡಿದಿದ್ದಳು. ಅದೇ ತೂರಾಡುವ ಶಾಟ್ ಎರಡನೆಯ ಸಲ ಬಂದಾಗ ನನ್ನ ಕಣ್ಣು ತುಂಬಿತ್ತು. ದೃಶ್ಯದಲ್ಲಿ ಒಂದು ಕೂದಲೆಳೆಯೂ ಬದಲಾಗಿಲ್ಲ. ಅದನ್ನು ಹಿಡಿದವರು ಯಾರು, ಅವರಿಗೆ ಅದು ಯಾಕೆ ಬೇಕಿತ್ತು ಎಂದು ನಮಗೆ ಗೊತ್ತಾಗಿದೆ, ಅಷ್ಟೇ.

ಇಲ್ಲಿಯವರೆಗೆ ಬಂದರೆ ಕಥೆಯೇ ಗೆದ್ದಿತು ಎಂದು ತೀರ್ಪು ಕೊಡುವುದು ಸುಲಭ. ಆದರೆ ನಾಲ್ಕನೆಯ ಚಿತ್ರ ನನ್ನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಕೆನಡಾದ ಕೈಲ್ ಎಡ್ವರ್ಡ್ ಬಾಲ್ ಅವರ 'ಸ್ಕಿನಮರಿಂಕ್' (2022). 15 ಸಾವಿರ ಡಾಲರ್ ಖರ್ಚು. ಎಡ್ಮಂಟನ್‌ನಲ್ಲಿ ತಾವು ಬೆಳೆದ ಮನೆಯಲ್ಲೇ ತೆಗೆದದ್ದು. ಕಥೆ ಎಂದು ಹೇಳಲು ಹೆಚ್ಚೇನಿಲ್ಲ. ನಾಲ್ಕು ವರ್ಷದ ಕೆವಿನ್, ಆರು ವರ್ಷದ ಕೇಲಿ ರಾತ್ರಿ ಎದ್ದಾಗ ಅಪ್ಪ ಇಲ್ಲ. ಮನೆಯ ಕಿಟಕಿ ಬಾಗಿಲುಗಳು ಒಂದೊಂದಾಗಿ ಮಾಯವಾಗುತ್ತಿವೆ. ಮಕ್ಕಳು ಹೊದಿಕೆ ದಿಂಬು ತಂದು ಟೀವಿ ಮುಂದೆ ಮಲಗುತ್ತಾರೆ. ಟೀವಿಯಲ್ಲಿ ಹಳೇ ಕಾರ್ಟೂನ್. ಕತ್ತಲಿನಿಂದ ಒಂದು ದನಿ ಕರೆಯುತ್ತದೆ. ಮುಖಗಳು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಾಣುವುದು ಸೂರಿನ ಮೂಲೆ, ಬಾಗಿಲ ಚೌಕಟ್ಟು, ನೆಲದ ಮೇಲೆ ಚೆಲ್ಲಿದ ಆಟಿಕೆ, ಹಳೇ ಟೀವಿ ಪರದೆಯ ಹಾಗೆ ಕಾಳುಕಾಳಾಗಿ ಕದಲುವ ಕತ್ತಲು.

ರೂಪವನ್ನೇ ನಂಬಿದ ಚಿತ್ರವೆಂದರೆ ಇದು. ದೃಶ್ಯದ ಪರ ವಾದಿಸುವವರು ಮೊದಲು ಇದನ್ನೇ ಮುಂದಿಡುತ್ತಾರೆ. ಭಯ ಒಂದು ಅನುಭವ, ಕೆಟ್ಟ ಕನಸಿಗೆ ಕಥೆ ಎಲ್ಲಿದೆ ಎನ್ನುತ್ತಾರೆ. ರಾತ್ರಿ ಒಬ್ಬನೇ ಕೂತು ನೋಡಿದ ನನಗೂ ಮೊದಲ ಅರ್ಧ ಗಂಟೆ ನಿಜಕ್ಕೂ ಹೆದರಿಕೆಯಾಯಿತು, ಎದ್ದು ನಡುಮನೆಯ ದೀಪ ಹಾಕಿ ಬಂದೆ. ಹಾಗಾದರೆ ನನ್ನ ವಾದ ಬಿದ್ದುಹೋಯಿತೇ?

ಮತ್ತೆ ನೋಡಿದಾಗ ನನಗನ್ನಿಸಿದ್ದು ಹೀಗೆ. ಆ ಅರ್ಧ ಗಂಟೆಯಲ್ಲಿ ಕ್ಯಾಮೆರಾ ಹೆಚ್ಚಾಗಿ ಮಗುವಿನ ಎತ್ತರದಲ್ಲಿದೆ. ನಡುರಾತ್ರಿ ಎದ್ದ ಮಗುವಿಗೆ ಮನೆ ಕಾಣುವುದೇ ಹಾಗೆ, ಸೂರು ದೂರ, ಬಾಗಿಲಾಚೆಯ ಕತ್ತಲು ಹತ್ತಿರ. ಆ ಕಣ್ಣು ಯಾರದೆಂದು ನಮಗೆ ಗೊತ್ತು, ಆ ಕಣ್ಣಿಗೆ ಏನು ಬೇಕೆಂದೂ ಗೊತ್ತು: ಅಪ್ಪ ಅಮ್ಮ ಬೇಕು. ಈ ಚಿತ್ರದಲ್ಲಿ ಘಟನೆಗಳ ಸರಪಳಿ ಇಲ್ಲದಿರಬಹುದು, ಕಥೆ ಇಲ್ಲವೆಂದು ಹೇಳಲಾಗದು. ಚಿತ್ರದ ಅತ್ಯಂತ ಭಯಾನಕ ದೃಶ್ಯ ಮಹಡಿಯ ಕೋಣೆಯದು. ಕೇಲಿ ಹೋಗಿ ನೋಡಿದರೆ ಮಂಚದ ಅಂಚಿನಲ್ಲಿ ಅಮ್ಮ ಬೆನ್ನು ಮಾಡಿ ಕೂತಿದ್ದಾಳೆ. ನಿಮ್ಮನ್ನು ತುಂಬ ಪ್ರೀತಿಸುತ್ತೇವೆ ಎನ್ನುತ್ತಾಳೆ, ಕಣ್ಣು ಮುಚ್ಚಿಕೋ ಎನ್ನುತ್ತಾಳೆ. ತಿರುಗುವುದಿಲ್ಲ. ಅಷ್ಟು ಹೊತ್ತು ಮಗು ಹುಡುಕಿದ್ದು ಇವಳನ್ನೇ. ಈಗ ಇವಳು ತಿರುಗದಿದ್ದರೆ ಸಾಕು ಎಂದು ನಾವು ಬೇಡಿಕೊಳ್ಳುತ್ತೇವೆ.

ಅದೇ ಚಿತ್ರ ಎಲ್ಲಿ ಸೋತಿತು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. 100 ನಿಮಿಷದ ಚಿತ್ರದ ದ್ವಿತೀಯಾರ್ಧದಲ್ಲಿ ಕತ್ತಲಿನ ಶಾಟ್‌ಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಅವು ಕೆವಿನ್‌ನ ಕಣ್ಣೋ, ಅವನನ್ನು ನೋಡುತ್ತಿರುವುದರ ಕಣ್ಣೋ, ಬರೀ ನಿರ್ದೇಶಕನ ಕಣ್ಣೋ ಎಂಬುದು ನನ್ನಿಂದ ಜಾರಿಹೋಯಿತು. ಮುಂಚೆ ಹೆದರಿಸಿದ ಅದೇ ಕತ್ತಲು ಈಗ ಬರೀ ಕತ್ತಲಾಯಿತು, ನಾನು ಗಡಿಯಾರ ನೋಡಿದೆ. ದೃಶ್ಯದ ಗುಣಮಟ್ಟ ಒಂದಿಷ್ಟೂ ಇಳಿದಿರಲಿಲ್ಲ. ಅದರೊಳಗಿದ್ದ ಮಗು ಎದ್ದು ಹೋಗಿತ್ತು.

ಈಗ ಎರಡು ಬೆನ್ನುಗಳು ನನ್ನ ಮುಂದಿವೆ. ಮೈಕ್‌ನ ಬೆನ್ನು, ಕೇಲಿಯ ಅಮ್ಮನ ಬೆನ್ನು. ಅವುಗಳ ಪಕ್ಕದಲ್ಲಿ ಹುಡುಗನ ಚಿತ್ರದ ಅಟ್ಟದ ಹೆಂಗಸಿನ ಬೆನ್ನನ್ನಿಟ್ಟೆ. ಮೂರರಲ್ಲೂ ಚೆಂದದ ಬೆಳಕು ಬಿದ್ದಿರುವುದು ಅವನದರ ಮೇಲೆಯೇ. ಆದರೆ ಅದು ಯಾರ ಬೆನ್ನು? ಏಣಿ ಹತ್ತಿದ ಹುಡುಗಿಗೆ ಅವಳು ಏನಾಗಬೇಕು? ಅವಳು ತಿರುಗಿದರೆ ಹುಡುಗಿ ಏನನ್ನು ಕಳೆದುಕೊಳ್ಳುತ್ತಾಳೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಒಂದು ರೂಪಾಯಿ ಬೇಡ. ದುಡ್ಡಿಲ್ಲದವನ ಕೈಯಲ್ಲಿ ಇರುವ ದೊಡ್ಡ ಆಸ್ತಿಯೇ ಅದು. ಅದನ್ನು ಬಿಟ್ಟು, ದುಡ್ಡಿದ್ದವರು ಮಾಡುವ ಚೆಂದವನ್ನೇ ಅಗ್ಗದಲ್ಲಿ ಮಾಡಿ ತೋರಿಸಲು ಹೊರಟಾಗ ಅವನು ತನ್ನ ಬಲವಿಲ್ಲದ ಅಂಗಳದಲ್ಲಿ ಕುಸ್ತಿಗೆ ಇಳಿದ ಹಾಗೆ.

ವಿಮರ್ಶಕನಾಗಿ ನನ್ನ ಪಾಲಿನ ತಪ್ಪೂ ಇದೆ. 'ಛಾಯಾಗ್ರಹಣ ಸೊಗಸಾಗಿದೆ' ಎಂದಾಗ ನಾನು ದೃಶ್ಯವನ್ನೂ ಅವಮಾನಿಸಿದೆ, ಅದೇನೋ ಕಥೆಯ ಮೇಲೆ ಬಳಿಯುವ ಬಣ್ಣ ಎಂಬಂತೆ. ಸಾಲ್ಟೇರ್ ಆಗಲಿ, ನೆಲಮಾಳಿಗೆಯ ಮೂಲೆಯಾಗಲಿ ಬಣ್ಣವಲ್ಲ. ಅಲ್ಲಿ ದೃಶ್ಯವೇ ಕಥೆಯ ಕೊನೆಯ ವಾಕ್ಯ. ಅದನ್ನು ಬೇರ್ಪಡಿಸಿ ಹೊಗಳಬಹುದಾದರೆ ಏನೋ ಎಡವಿದೆ ಎಂದೇ ಲೆಕ್ಕ.

ಹೋದ ವಾರ ಹುಡುಗನಿಗೆ ಮತ್ತೆ ಫೋನು ಮಾಡಿದೆ. ಹಿಂದೆ ಹೇಳಿದ್ದು ಪೂರ್ತಿ ನಿಜವಲ್ಲ ಎಂದೆ. ಆ ಕಡೆ ಸದ್ದಿಲ್ಲ. ನಿನ್ನ ಚಿತ್ರದಲ್ಲಿ ಒಂದೇ ಒಂದು ಕಡೆ ನನಗೆ ಎದೆ ಝಲ್ಲೆಂದಿತು ಎಂದೆ. ಅಟ್ಟದ ಬೆನ್ನು ಕಂಡಾಗ ಅಲ್ಲ. ಅದಕ್ಕೂ ಮುಂಚೆ, ಸದ್ದು ಕೇಳಿ ಹೊರಟ ಹುಡುಗಿ ಅಡುಗೆಮನೆ ಹೊಸ್ತಿಲಲ್ಲಿ ನಿಂತು, ವಾಪಸು ಹೋಗಿ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ ಬರುತ್ತಾಳಲ್ಲ, ಅಲ್ಲಿ. ಹಾಲು ಮುಚ್ಚಿಟ್ಟು ಹೋಗುವವಳು ತಾನು ಮರಳಿ ಬರುತ್ತೇನೆ ಎಂದುಕೊಂಡಿರುತ್ತಾಳೆ. ಆ 14 ನಿಮಿಷದಲ್ಲಿ ಅವಳು ಒಬ್ಬ ಮನುಷ್ಯಳಾದದ್ದು ಆಗ ಮಾತ್ರ.

"ಅದು ಸ್ಕ್ರಿಪ್ಟಲ್ಲೇ ಇರ್ಲಿಲ್ಲ ಅಂಕಲ್" ಎಂದ. "ಪಕ್ಕದ್ಮನೆ ಬೆಕ್ಕು ಬರ್ತಿತ್ತು, ಅವಳೇ ಮುಚ್ಚಿದ್ಲು. ಎಡಿಟಿಂಗಲ್ಲಿ ತೆಗೀಬೇಕು ಅಂತಿದ್ದೆ, ಬೆಳಕು ಸರಿ ಇರ್ಲಿಲ್ಲ."

ತೆಗೆಯಬೇಡ ಎಂದೆ. ಅಲ್ಲಿಂದಲೇ ಮತ್ತೆ ಶುರುಮಾಡು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬೇಸರವಾಯಿತೇನೋ ಎಂದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದ: "ಅಂಕಲ್, ಅದು ದೊಡ್ಡ ಪಾತ್ರೆ. ಅಷ್ಟು ಹಾಲು ಅವಳೊಬ್ಬಳಿಗೇ ಅಲ್ಲ, ಅಲ್ವಾ?"